ಒಂದೇ ಹೆಸರಿನ ಚೆಕ್‌ಬಾಕ್ಸ್‌ಗಳ ಗುಂಪು: ಜಾವಾಸ್ಕ್ರಿಪ್ಟ್‌ನಲ್ಲಿ ಅವನ್ನು ಆಯ್ದುಕೊಳ್ಳಲು ಯಾವ ದಾರಿ ಯಾವಾಗ ಸರಿ

ಸಿಂಧನೂರಿನ ಬೀಜ-ಗೊಬ್ಬರದ ಅಂಗಡಿಯೊಂದಕ್ಕೆ ರೈತರ ನೋಂದಣಿ ಫಾರ್ಮ್ ಬರೆದುಕೊಡುವ ಕೆಲಸ ನನಗೆ ಬಂದಾಗ, ಎಲ್ಲಕ್ಕಿಂತ ಸುಲಭವೆಂದು ನಾನು ಎಣಿಸಿದ್ದ ಭಾಗವೇ ಹೆಚ್ಚು ದಿನ ಹಿಡಿಯಿತು. ಹೊಲದಲ್ಲಿ ಏನೇನು ಬೆಳೆಯುತ್ತೀರಿ ಎಂದು ಕೇಳುವ ಪ್ರಶ್ನೆ ಅದು; ಉತ್ತರಕ್ಕೆ ಭತ್ತ, ಹತ್ತಿ, ತೊಗರಿ, ಜೋಳ, ಸಜ್ಜೆ, ಕಡಲೆ, ಮೆಣಸಿನಕಾಯಿ ಎಂಬ ಏಳು ಚೆಕ್‌ಬಾಕ್ಸ್‌ಗಳು. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಹರಿಯುವ ಹೊಲದಲ್ಲಿ ಭತ್ತ ನಾಟಿ ಮಾಡುವ ರೈತನೇ ಮಳೆಯನ್ನು ನಂಬಿದ ಇನ್ನೊಂದು ಹೊಲದಲ್ಲಿ ತೊಗರಿ ಬಿತ್ತುವುದು ನಮ್ಮ ಕಡೆ ಸಾಮಾನ್ಯವಾದ್ದರಿಂದ, ಒಂದನ್ನಷ್ಟೇ ಆರಿಸಲು ಬಿಡುವ ರೇಡಿಯೊ ಬಟನ್ ಇಲ್ಲಿಗೆ ಹೊಂದುವುದಿಲ್ಲ. ಏಳು ಪೆಟ್ಟಿಗೆಗಳೂ ಒಂದೇ ಪ್ರಶ್ನೆಯ ಉತ್ತರಗಳಾದ ಕಾರಣ ಏಳಕ್ಕೂ 'ಬೆಳೆ' ಎಂಬ ಒಂದೇ ನೇಮ್ (ಉತ್ತರದ ಜೊತೆ ಸರ್ವರ್‌ಗೆ ಹೋಗುವ ಹೆಸರು) ಕೊಡಬೇಕು. ಪೆಟ್ಟಿಗೆಯನ್ನು ಪುಟದಲ್ಲಿ ಗುರುತಿಸುವ ಐಡಿ ಒಂದೊಂದಕ್ಕೂ ಬೇರೆಯಿರಬೇಕು. ನೇಮ್ ಮಾತ್ರ ಹಂಚಿಕೊಳ್ಳುವುದಕ್ಕೆಂದೇ ಇರುವಂಥದ್ದು.

ಹೀಗೆ ಹೆಸರು ಹಂಚಿಕೊಂಡ ಗುಂಪನ್ನು ಜಾವಾಸ್ಕ್ರಿಪ್ಟ್‌ನಲ್ಲಿ ಆಯ್ದುಕೊಳ್ಳಲು ನಾಲ್ಕೈದು ದಾರಿಗಳಿವೆ, ಮತ್ತು ಏಳು ಪೆಟ್ಟಿಗೆಗಳಿರುವ ಮಾದರಿ ಪುಟದಲ್ಲಿ ಪರೀಕ್ಷಿಸಿದರೆ ಎಲ್ಲವೂ ಒಂದೇ ಉತ್ತರ ಕೊಡುತ್ತವೆ. ಅವುಗಳ ಭೇದ ಹೊರಬೀಳುವುದು ಪುಟದಲ್ಲಿ ಎರಡನೆಯ ಫಾರ್ಮ್ ಸೇರಿದಾಗ, ಪೆಟ್ಟಿಗೆಗಳು ಆಮೇಲೆ ಹುಟ್ಟಿಕೊಂಡಾಗ, ಅಥವಾ ಗುಂಪಿನಲ್ಲಿ ಒಂದೇ ಪೆಟ್ಟಿಗೆ ಉಳಿದಾಗ. ಆದ್ದರಿಂದ ದಾರಿ ಆರಿಸುವ ಮುನ್ನ ಎರಡು ಪ್ರಶ್ನೆಗಳನ್ನು ಕೇಳಿಕೊಳ್ಳಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ. ನಿಮಗೆ ಬೇಕಿರುವುದು ಪೆಟ್ಟಿಗೆಗಳೋ, ಅಥವಾ ಗುರುತು ಹಾಕಿದ ಉತ್ತರಗಳಷ್ಟೋ? ಮತ್ತು ಗುಂಪಿನಲ್ಲಿ ಒಂದೇ ಇದ್ದಾಗ, ಒಂದೂ ಇಲ್ಲದಾಗ ಆ ದಾರಿ ಹೇಗೆ ನಡೆದುಕೊಳ್ಳುತ್ತದೆ? ವೇಗದ ಪ್ರಶ್ನೆಯನ್ನು ನಾನು ಇಲ್ಲಿ ಎತ್ತುವುದಿಲ್ಲ. ಹತ್ತಿಪ್ಪತ್ತು ಪೆಟ್ಟಿಗೆಗಳ ಫಾರ್ಮ್‌ನಲ್ಲಿ ಯಾವ ದಾರಿಯೂ ಬಳಸುವವರ ಅನುಭವಕ್ಕೆ ಬರುವಷ್ಟು ನಿಧಾನವಾಗಿರುವುದಿಲ್ಲ.

ಆಜ್ಞೆಗಳ ಹೆಸರುಗಳನ್ನು ಇಲ್ಲಿ ಕನ್ನಡ ಲಿಪಿಯಲ್ಲೇ ಕೊಟ್ಟಿದ್ದೇನೆ. ಎಡಿಟರ್‌ನಲ್ಲಿ ಅವನ್ನು ಇಂಗ್ಲಿಷ್ ಅಕ್ಷರಗಳಲ್ಲಿ, ದೊಡ್ಡಕ್ಷರ ಸಣ್ಣಕ್ಷರಗಳ ಭೇದ ತಪ್ಪದಂತೆ ಟೈಪ್ ಮಾಡಬೇಕು.

ಗೆಟ್‌ಎಲಿಮೆಂಟ್ಸ್‌ಬೈನೇಮ್: ಇಡೀ ಪುಟವನ್ನು ಹುಡುಕುವ ದಾರಿ

ಹೆಸರೇ ಹೇಳುವಂತೆ ಇದು ನೇಮ್ ಒಂದನ್ನೇ ನೋಡಿ ಹುಡುಕುತ್ತದೆ. 'ಡಾಕ್ಯುಮೆಂಟ್.ಗೆಟ್‌ಎಲಿಮೆಂಟ್ಸ್‌ಬೈನೇಮ್("ಬೆಳೆ")' ಎಂದು ಬರೆದರೆ ಆ ಹೆಸರಿನ ಎಲ್ಲ ಅಂಶಗಳೂ ಪುಟದಲ್ಲಿ ಇರುವ ಕ್ರಮದಲ್ಲೇ ಒಂದು ನೋಡ್‌ಲಿಸ್ಟ್ (ಅಂಶಗಳ ಪಟ್ಟಿ) ಆಗಿ ಸಿಗುತ್ತವೆ. ಒಂದೇ ಪೆಟ್ಟಿಗೆ ಇದ್ದರೂ ಪಟ್ಟಿ, ಒಂದೂ ಇಲ್ಲದಿದ್ದರೂ ಪಟ್ಟಿ. ಖಾಲಿಯಾಗಿದ್ದರೆ ಉದ್ದ ಸೊನ್ನೆ. ನೇಮ್‌ನಲ್ಲಿ ಚೌಕ ಆವರಣದಂಥ ಚಿಹ್ನೆಗಳಿದ್ದರೂ ಇದಕ್ಕೆ ತೊಂದರೆಯಿಲ್ಲ. ಇಷ್ಟು ಒಳ್ಳೆಯ ಗುಣಗಳಿದ್ದೂ ನಾನು ಇದನ್ನು ಮೊದಲ ಆಯ್ಕೆಯಾಗಿ ಸೂಚಿಸದಿರುವುದಕ್ಕೆ ಕಾರಣ, ಈ ಆಜ್ಞೆ ಡಾಕ್ಯುಮೆಂಟ್‌ನ ಮೇಲೆ ಮಾತ್ರ ಇದೆ ಎಂಬುದು. ಒಂದು ಫಾರ್ಮ್‌ನ ಒಳಗಷ್ಟೇ ಹುಡುಕು ಎಂದು ಅದಕ್ಕೆ ಹೇಳಲು ಬರುವುದಿಲ್ಲ.

ಇದರ ಪರಿಣಾಮವನ್ನು ನಾನು ಕೆಲಸದಲ್ಲೇ ಕಂಡೆ. ಆ ಅಂಗಡಿಯ ಪುಟದಲ್ಲಿ ಮುಂಗಾರಿಗೊಂದು, ಹಿಂಗಾರಿಗೊಂದು ಎಂದು ಎರಡು ಫಾರ್ಮ್‌ಗಳು ಎರಡು ಟ್ಯಾಬ್‌ಗಳಲ್ಲಿದ್ದವು, ಮತ್ತು ಎರಡರಲ್ಲೂ ಪೆಟ್ಟಿಗೆಗಳ ನೇಮ್ 'ಬೆಳೆ' ಎಂದೇ ಇತ್ತು. ಮುಂಗಾರಿನ ಫಾರ್ಮ್‌ನಲ್ಲಿ 'ಎಲ್ಲವನ್ನೂ ಆರಿಸು' ಎಂಬ ಗುಂಡಿಯನ್ನು ಒತ್ತಿದರೆ, ಕಣ್ಣಿಗೆ ಕಾಣದ ಹಿಂಗಾರಿನ ಟ್ಯಾಬ್‌ನಲ್ಲೂ ಗುರುತುಗಳು ಬೀಳುತ್ತಿದ್ದವು. ಮುಚ್ಚಿದ ಟ್ಯಾಬ್ ಆದ್ದರಿಂದ ಯಾರಿಗೂ ಗೊತ್ತಾಗಲಿಲ್ಲ. ಕಡಲೆಯನ್ನು ಎಂದೂ ಬೆಳೆಯದ ರೈತರ ಹೆಸರಿನ ಮುಂದೆ ಕಡಲೆ ಬೀಜದ ಬೇಡಿಕೆ ಕಾಣಿಸಿಕೊಂಡಾಗಲೇ ನಾನು ಹಿಂದಿರುಗಿ ಸಾಲುಗಳನ್ನು ಓದಿದ್ದು. ಆ ತಪ್ಪು ಸಂಪೂರ್ಣವಾಗಿ ನನ್ನದು, ಮತ್ತು ಅದು ಯಾವ ದೋಷದ ಸಂದೇಶವನ್ನೂ ತೋರಿಸದೆ ಎರಡು ವಾರ ನಡೆದಿತ್ತು ಎಂಬುದು ನನ್ನನ್ನು ಇಂದಿಗೂ ಎಚ್ಚರವಾಗಿಡುತ್ತದೆ.

ಇದೇ ಆಜ್ಞೆಯ ಇನ್ನೊಂದು ಸ್ವಭಾವವೆಂದರೆ ಅದು ಟೈಪ್ ನೋಡುವುದಿಲ್ಲ. ಗುರುತು ಹಾಕದ ಚೆಕ್‌ಬಾಕ್ಸ್‌ನಿಂದ ಸರ್ವರ್‌ಗೆ ಏನೂ ಹೋಗುವುದಿಲ್ಲವೆಂಬ ಕಾರಣಕ್ಕೆ ಕೆಲವರು ಅದೇ ಹೆಸರಿನ ಹಿಡನ್ ಇನ್‌ಪುಟ್ ಒಂದನ್ನು ಪಕ್ಕದಲ್ಲಿ ಇಟ್ಟಿರುತ್ತಾರೆ. ಅದೂ ಪಟ್ಟಿಯಲ್ಲಿ ಬಂದು ಎಣಿಕೆಯನ್ನು ಕೆಡಿಸುತ್ತದೆ. ಜೊತೆಗೆ ಈ ಪಟ್ಟಿ ಜೀವಂತವಾದದ್ದು, ಅಂದರೆ ಪುಟ ಬದಲಾದಂತೆ ತಾನೂ ಬದಲಾಗುತ್ತದೆ. ಲೂಪ್ ಓಡುತ್ತಿರುವಾಗಲೇ ಪೆಟ್ಟಿಗೆಯೊಂದರ ನೇಮ್ ಬದಲಿಸಿದರೆ ಅಥವಾ ಅದನ್ನು ತೆಗೆದುಹಾಕಿದರೆ ಪಟ್ಟಿ ಆ ಕ್ಷಣವೇ ಕುಗ್ಗಿ, ಮುಂದಿನ ಪೆಟ್ಟಿಗೆ ಲೆಕ್ಕದಿಂದ ತಪ್ಪಿಹೋಗುತ್ತದೆ. ಅಂಥ ಕೆಲಸವಿದ್ದಾಗ ಮೊದಲು 'ಅರೇ.ಫ್ರಮ್' ಬಳಸಿ ಪಟ್ಟಿಯ ನಕಲು ಮಾಡಿಟ್ಟುಕೊಳ್ಳಬೇಕು.

ಕ್ವೆರಿಸೆಲೆಕ್ಟರ್‌ಆಲ್: ನಾನು ಮೊದಲು ಕೈಹಾಕುವ ದಾರಿ

ಪುಟದ ಅಂದವನ್ನು ತೀರ್ಮಾನಿಸುವ ಸಿಎಸ್ಎಸ್ ಬರೆಯುವ ರೀತಿಯಲ್ಲೇ ಇದು ಶರತ್ತುಗಳನ್ನು (ಅವಕ್ಕೆ ಸೆಲೆಕ್ಟರ್ ಎನ್ನುತ್ತಾರೆ) ಕೇಳುತ್ತದೆ, ಮತ್ತು ಡಾಕ್ಯುಮೆಂಟ್‌ನ ಮೇಲಷ್ಟೇ ಅಲ್ಲದೆ ಯಾವ ಅಂಶದ ಮೇಲಾದರೂ ಕರೆಯಬಹುದು. ಮುಂಗಾರಿನ ಫಾರ್ಮ್ ಅನ್ನು ಮೊದಲು ಹಿಡಿದು, ಅದರ ಮೇಲೆ 'ಇನ್‌ಪುಟ್[ಟೈಪ್="ಚೆಕ್‌ಬಾಕ್ಸ್"][ನೇಮ್="ಬೆಳೆ"]' ಎಂದು ಕೇಳಿದರೆ ಆ ಫಾರ್ಮ್‌ನ ಒಳಗಿನ, ಆ ಟೈಪ್‌ನ, ಆ ಹೆಸರಿನ ಪೆಟ್ಟಿಗೆಗಳು ಮಾತ್ರ ಸಿಗುತ್ತವೆ. ಮೇಲೆ ಹೇಳಿದ ಹಿಂಗಾರಿನ ತಪ್ಪೂ, ಹಿಡನ್ ಇನ್‌ಪುಟ್‌ನ ತಪ್ಪೂ ಇಲ್ಲಿ ಹುಟ್ಟುವುದೇ ಇಲ್ಲ. ಎರಡು ಹಂಗಾಮಿಗೂ ಒಂದೇ ಫಾರ್ಮ್ ಇಟ್ಟು, ಪೆಟ್ಟಿಗೆಗಳಿಗೆ 'ಬೆಳೆ_ಮುಂಗಾರು', 'ಬೆಳೆ_ಹಿಂಗಾರು' ಎಂದು ಬೇರೆ ಹೆಸರಿಟ್ಟಿದ್ದರೂ, ಸಮ ಚಿಹ್ನೆಯ ಮೊದಲು ಕ್ಯಾರೆಟ್ ಚಿಹ್ನೆ ಸೇರಿಸಿ 'ಬೆಳೆ_' ಎಂದು ಆರಂಭವಾಗುವ ಎಲ್ಲವನ್ನೂ ಒಟ್ಟಿಗೆ ಕೇಳಬಹುದು. ಇಂಥ ಅನುಕೂಲ ಬೇರೆ ಯಾವ ದಾರಿಯಲ್ಲೂ ಇಷ್ಟು ಚಿಕ್ಕದಾಗಿ ಇಲ್ಲ.

ಆದರೆ ಉದ್ಧರಣ ಚಿಹ್ನೆಗಳ ವಿಷಯದಲ್ಲಿ ಶಿಸ್ತು ಬೇಕು. ಪಿಎಚ್‌ಪಿ ಬಳಸುವ ಸರ್ವರ್‌ಗಳಿಗೆ ಫಾರ್ಮ್ ಬರೆಯುವವರು 'ಬೆಳೆ[]' ಎಂದು ಹೆಸರಿನ ಕೊನೆಯಲ್ಲಿ ಚೌಕ ಆವರಣ ಹಾಕುತ್ತಾರೆ, ಏಕೆಂದರೆ ಅದಿಲ್ಲದಿದ್ದರೆ ಪಿಎಚ್‌ಪಿ ಒಂದೇ ಹೆಸರಿನ ಹಲವು ಉತ್ತರಗಳಲ್ಲಿ ಕೊನೆಯದನ್ನಷ್ಟೇ ಉಳಿಸಿಕೊಳ್ಳುತ್ತದೆ. ಜಾವಾಸ್ಕ್ರಿಪ್ಟ್‌ಗಾಗಲಿ ಎಚ್‌ಟಿಎಂಎಲ್‌ಗಾಗಲಿ ಆ ಆವರಣಕ್ಕೆ ವಿಶೇಷ ಅರ್ಥವಿಲ್ಲ, ಅದು ಹೆಸರಿನದೇ ಎರಡು ಅಕ್ಷರ. ಸೆಲೆಕ್ಟರ್‌ನಲ್ಲಿ ಮಾತ್ರ ಚೌಕ ಆವರಣಕ್ಕೆ ಬೇರೆ ಕೆಲಸವಿರುವುದರಿಂದ, ಹೆಸರನ್ನು ಉದ್ಧರಣ ಚಿಹ್ನೆಯೊಳಗೆ ಇಡದೆ ಬರೆದರೆ ಬ್ರೌಸರ್ ಸಿಂಟ್ಯಾಕ್ಸ್‌ಎರರ್ ಎಂದು ನಿಂತುಬಿಡುತ್ತದೆ. ಹೆಸರು ಅಂಕಿಯಿಂದ ಆರಂಭವಾದರೂ ಇದೇ ಗತಿ. ಹೆಸರು ಎಷ್ಟೇ ಸರಳವಾಗಿರಲಿ, ಉದ್ಧರಣ ಚಿಹ್ನೆಯನ್ನು ಯಾವಾಗಲೂ ಹಾಕುವುದನ್ನು ರೂಢಿ ಮಾಡಿಕೊಳ್ಳುವುದು ಒಳ್ಳೆಯದು.

ಗುರುತು ಹಾಕಿದವು ಮಾತ್ರ ಬೇಕಾದರೆ ಸೆಲೆಕ್ಟರ್‌ನ ಕೊನೆಗೆ ':ಚೆಕ್ಡ್' ಸೇರಿಸಬೇಕು. ಇಲ್ಲಿ ಹೊಸಬರು ಮಾಡುವ ತಪ್ಪು ಒಂದಿದೆ: ಅದರ ಬದಲು ಚೌಕ ಆವರಣದಲ್ಲಿ '[ಚೆಕ್ಡ್]' ಎಂದು ಬರೆಯುವುದು. ಎರಡನೆಯದು ಎಚ್‌ಟಿಎಂಎಲ್‌ನಲ್ಲಿ ಮೊದಲಿಗೆ ಬರೆದಿಟ್ಟ ಆಟ್ರಿಬ್ಯೂಟ್ (ಟ್ಯಾಗ್‌ನೊಳಗಿನ ಗುಣ) ಅನ್ನು ನೋಡುತ್ತದೆ, ಬಳಸುವವರು ಈಗ ಹಾಕಿರುವ ಗುರುತನ್ನಲ್ಲ. ರೈತ ಭತ್ತದ ಗುರುತನ್ನು ತೆಗೆದು ಹತ್ತಿಗೆ ಹಾಕಿದ್ದರೂ '[ಚೆಕ್ಡ್]' ಭತ್ತವನ್ನೇ ಹಿಡಿದು ತರುತ್ತದೆ. ಪುಟ ತೆರೆದ ಕೂಡಲೇ ಪರೀಕ್ಷಿಸಿದರೆ ಎರಡೂ ಒಂದೇ ಉತ್ತರ ಕೊಡುವುದರಿಂದ ಈ ದೋಷ ಪರೀಕ್ಷೆಯಲ್ಲಿ ನುಸುಳಿಹೋಗುತ್ತದೆ.

ಈ ದಾರಿಯ ನಿಜವಾದ ಮಿತಿ ಬೇರೆ. ಇದು ಕೊಡುವ ನೋಡ್‌ಲಿಸ್ಟ್ ಕೇಳಿದ ಕ್ಷಣದ ಚಿತ್ರ. ಆಮೇಲೆ ಪುಟ ಬದಲಾದರೂ ಅದು ಬದಲಾಗುವುದಿಲ್ಲ. ನಮ್ಮ ಫಾರ್ಮ್‌ನಲ್ಲಿ ಜಿಲ್ಲೆ ಆರಿಸಿದ ಮೇಲೆ ತಾಲ್ಲೂಕುಗಳ ಚೆಕ್‌ಬಾಕ್ಸ್‌ಗಳು ಮೂಡುತ್ತವೆ. ಕೊಪ್ಪಳ ಎಂದರೆ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ, ಕನಕಗಿರಿ, ಕಾರಟಗಿ, ಕುಕನೂರು ಎಂಬ ಏಳು. ಬಳ್ಳಾರಿ ಎಂದರೆ, 2021ರಲ್ಲಿ ವಿಜಯನಗರ ಜಿಲ್ಲೆ ಬೇರ್ಪಟ್ಟ ಮೇಲೆ ಉಳಿದ ಬಳ್ಳಾರಿ, ಸಂಡೂರು, ಸಿರುಗುಪ್ಪ, ಕುರುಗೋಡು, ಕಂಪ್ಲಿ ಎಂಬ ಐದು. ಕೊಪ್ಪಳ ಆರಿಸಿದಾಗಲೇ ಪಟ್ಟಿ ಹಿಡಿದು ವೇರಿಯಬಲ್‌ನಲ್ಲಿ ಇಟ್ಟುಕೊಂಡರೆ, ಕೊಪ್ಪಳ ಬಿಟ್ಟು ಬಳ್ಳಾರಿಗೆ ಬದಲಿಸಿದ ಮೇಲೂ ಆ ವೇರಿಯಬಲ್ ಪುಟದಿಂದ ತೆಗೆದುಹಾಕಿದ ಹಳೆಯ ಏಳು ಪೆಟ್ಟಿಗೆಗಳನ್ನೇ ತೋರಿಸುತ್ತಿರುತ್ತದೆ. ಜೀವಂತ ಪಟ್ಟಿಗೆ ಮೊರೆಹೋಗುವುದು ಇದಕ್ಕೆ ಒಂದು ಪರಿಹಾರವಾದರೂ, ಬೇಕಾದ ಹೊತ್ತಿನಲ್ಲೇ ಮತ್ತೆ ಕೇಳುವುದು ಹೆಚ್ಚು ಸ್ಪಷ್ಟವಾದದ್ದು: ಪಟ್ಟಿಯನ್ನು ಕೂಡಿಡಬೇಡಿ, ಪಟ್ಟಿ ಕೊಡುವ ಚಿಕ್ಕ ಫಂಕ್ಷನ್ ಒಂದನ್ನು ಬರೆದಿಟ್ಟುಕೊಳ್ಳಿ. ಹಾಗೆಯೇ ಒಂದೊಂದು ಪೆಟ್ಟಿಗೆಗೂ 'ಚೇಂಜ್' ಕೇಳುಗನನ್ನು (ಗುರುತು ಬದಲಾದಾಗ ಓಡುವ ಫಂಕ್ಷನ್) ಅಂಟಿಸುವ ಬದಲು ಫಾರ್ಮ್‌ಗೆ ಒಂದೇ ಕೇಳುಗನನ್ನು ಇಟ್ಟು, ಬಂದ ಘಟನೆಯ ಟಾರ್ಗೆಟ್‌ನ ನೇಮ್ ನೋಡಿದರೆ, ಆಮೇಲೆ ಹುಟ್ಟಿದ ಪೆಟ್ಟಿಗೆಗಳೂ ತಾವಾಗಿ ಲೆಕ್ಕಕ್ಕೆ ಬರುತ್ತವೆ.

ಫಾರ್ಮ್.ಎಲಿಮೆಂಟ್ಸ್: ಒಂದೇ ಪೆಟ್ಟಿಗೆ ಉಳಿದಾಗ ತಪ್ಪುವ ದಾರಿ

ಪ್ರತಿಯೊಂದು ಫಾರ್ಮ್‌ಗೂ ಎಲಿಮೆಂಟ್ಸ್ ಎಂಬ ಸಂಗ್ರಹವಿರುತ್ತದೆ, ಮತ್ತು 'ಫಾರ್ಮ್.ಎಲಿಮೆಂಟ್ಸ್["ಬೆಳೆ"]' ಎಂದು ಅದರಿಂದ ಗುಂಪನ್ನು ಪಡೆಯಬಹುದು. ಓದಲು ಇದರಷ್ಟು ಸೊಗಸಾದ ದಾರಿ ಇನ್ನೊಂದಿಲ್ಲ. ಒಂದು ವಿಷಯದಲ್ಲಿ ಇದು ಕ್ವೆರಿಸೆಲೆಕ್ಟರ್‌ಆಲ್‌ಗಿಂತ ಮುಂದಿದೆ ಕೂಡ: ಫಾರ್ಮ್‌ನ ಹೊರಗೆ ಬೇರೆಡೆ ಇಟ್ಟು, ಫಾರ್ಮ್ ಎಂಬ ಆಟ್ರಿಬ್ಯೂಟ್‌ನಿಂದ ಅದಕ್ಕೆ ಜೋಡಿಸಿದ ಪೆಟ್ಟಿಗೆಗಳನ್ನೂ ಇದು ಬಿಡದೆ ತರುತ್ತದೆ. ಫಾರ್ಮ್‌ನ ಒಳಗಷ್ಟೇ ಹುಡುಕುವ ಸೆಲೆಕ್ಟರ್‌ಗೆ ಅವು ಕಾಣುವುದಿಲ್ಲ.

ಹೀಗಿದ್ದೂ ಚೆಕ್‌ಬಾಕ್ಸ್ ಗುಂಪಿಗೆ ಇದನ್ನು ನೇರವಾಗಿ ಬಳಸಬೇಡಿರೆಂದು ನಾನು ಒತ್ತಿ ಹೇಳುತ್ತೇನೆ. ಆ ಹೆಸರಿನವು ಎರಡು ಅಥವಾ ಹೆಚ್ಚು ಇದ್ದರೆ ಸಿಗುವುದು ರೇಡಿಯೊನೋಡ್‌ಲಿಸ್ಟ್ ಎಂಬ ಪಟ್ಟಿ. ಒಂದೇ ಇದ್ದರೆ ಪಟ್ಟಿಯಲ್ಲ, ಆ ಪೆಟ್ಟಿಗೆಯೇ. ಒಂದೂ ಇಲ್ಲದಿದ್ದರೆ ಅನ್‌ಡಿಫೈನ್ಡ್. ಗಂಗಾವತಿ, ಸಿಂಧನೂರು ಸುತ್ತಲಿನ ಕಾಲುವೆ ಭಾಗದ ಕ್ಯಾಂಪ್‌ಗಳಲ್ಲಿ ಭತ್ತದ ಹೊರತು ಬೇರೆ ಬೆಳೆಯನ್ನು ತೋರಿಸುವುದೇ ಬೇಡವೆಂದು ಅಂಗಡಿಯವರು ಹೇಳಿದ್ದರಿಂದ, ಅಂಥ ಊರುಗಳ ಫಾರ್ಮ್‌ನಲ್ಲಿ ಒಂದೇ ಪೆಟ್ಟಿಗೆ ಉಳಿಯುತ್ತಿತ್ತು. ಒಂಟಿ ಪೆಟ್ಟಿಗೆಗೆ ಲೆಂಗ್ತ್ (ಉದ್ದ) ಎಂಬ ಗುಣವೇ ಇಲ್ಲ. ಹಾಗಾಗಿ ಸೊನ್ನೆಯಿಂದ ಲೆಂಗ್ತ್‌ವರೆಗೆ ಓಡಬೇಕಿದ್ದ ಲೂಪ್ ಒಂದು ಸುತ್ತೂ ಓಡದೆ, ದೋಷವನ್ನೂ ತೋರಿಸದೆ ಮುಗಿಯುತ್ತಿತ್ತು; ಭತ್ತಕ್ಕೆ ಗುರುತು ಹಾಕಿದ ರೈತನ ಉತ್ತರ ಖಾಲಿಯಾಗಿ ಉಳಿಯುತ್ತಿತ್ತು. ಹೊಸ ರೀತಿಯ ಫಾರ್-ಆಫ್ ಲೂಪ್ ಬರೆದಿದ್ದರೆ ಟೈಪ್‌ಎರರ್ ಎಂದು ಕನ್ಸೋಲ್‌ನಲ್ಲಿ ಕೂಗಿಯಾದರೂ ಹೇಳುತ್ತಿತ್ತು. ಮೌನವಾಗಿ ತಪ್ಪುವುದಕ್ಕಿಂತ ಕೂಗಿ ನಿಲ್ಲುವುದು ಎಷ್ಟೋ ವಾಸಿ ಎಂದು ನಾನು ಕಲಿತದ್ದು ಅಲ್ಲಿ.

ರೇಡಿಯೊನೋಡ್‌ಲಿಸ್ಟ್‌ಗೆ ವ್ಯಾಲ್ಯೂ ಎಂಬ ಗುಣವಿದೆಯೆಂದು ಓದಿ ಅದನ್ನು ಚೆಕ್‌ಬಾಕ್ಸ್‌ಗೆ ಬಳಸುವವರೂ ಇದ್ದಾರೆ. ಅದು ರೇಡಿಯೊ ಬಟನ್‌ಗಳಿಗಾಗಿ ಮಾಡಿದ್ದು. ಚೆಕ್‌ಬಾಕ್ಸ್‌ಗಳ ಗುಂಪಿಗೆ ಎಷ್ಟೇ ಗುರುತು ಹಾಕಿದ್ದರೂ ಖಾಲಿ ಸ್ಟ್ರಿಂಗ್ ಅನ್ನೇ ಕೊಡುತ್ತದೆ. ಹೊರಗೆ ಜೋಡಿಸಿದ ಪೆಟ್ಟಿಗೆಗಳ ಕಾರಣಕ್ಕೆ ಈ ಸಂಗ್ರಹವನ್ನೇ ಬಳಸಬೇಕಾದ ಸಂದರ್ಭವಿದ್ದರೆ, ಇಡೀ ಸಂಗ್ರಹವನ್ನು 'ಅರೇ.ಫ್ರಮ್'ನಿಂದ ಅರೇ ಮಾಡಿಕೊಂಡು, ನೇಮ್ 'ಬೆಳೆ' ಇರುವವನ್ನು ಫಿಲ್ಟರ್‌ನಿಂದ ಸೋಸಬೇಕು. ಆಗ ಒಂದಿದ್ದರೂ ಏಳಿದ್ದರೂ ಒಂದೂ ಇಲ್ಲದಿದ್ದರೂ ಸಿಗುವುದು ಅರೇಯೇ.

ಎಲಿಮೆಂಟ್ಸ್ ಎಂಬುದನ್ನೂ ಬಿಟ್ಟು 'ಫಾರ್ಮ್.ಬೆಳೆ' ಎಂದು ಬರೆಯುವ ಹಳೆಯ ರೂಢಿ ಇನ್ನೂ ಅಪಾಯಕರ. ಫಾರ್ಮ್‌ನ ಒಳಗಿನ ಹೆಸರುಗಳು ಫಾರ್ಮ್‌ನ ಸ್ವಂತ ಗುಣಗಳನ್ನು ಮುಚ್ಚಿಬಿಡುತ್ತವೆ: ಗುಂಡಿಯೊಂದಕ್ಕೆ 'ಸಬ್ಮಿಟ್' ಎಂದು ನೇಮ್ ಕೊಟ್ಟರೆ, ಫಾರ್ಮ್ ಕಳಿಸುವ ಸಬ್ಮಿಟ್ ಫಂಕ್ಷನ್ ಕರೆಯಲು ಹೋದಾಗ ಅದು ಫಂಕ್ಷನ್ ಅಲ್ಲವೆಂಬ ಉತ್ತರ ಬರುತ್ತದೆ.

ಫಾರ್ಮ್‌ಡೇಟಾ: ಉತ್ತರಗಳಷ್ಟೇ ಬೇಕಾದಾಗ

ಪೆಟ್ಟಿಗೆಗಳನ್ನು ಮುಟ್ಟುವ ಅಗತ್ಯವೇ ಇಲ್ಲದೆ, ಏನೇನಕ್ಕೆ ಗುರುತು ಬಿದ್ದಿದೆ ಎಂಬುದಷ್ಟೇ ಬೇಕಿದ್ದರೆ, ಫಾರ್ಮ್ ಅನ್ನು ಫಾರ್ಮ್‌ಡೇಟಾಗೆ ಕೊಟ್ಟು 'ಗೆಟ್‌ಆಲ್("ಬೆಳೆ")' ಎಂದು ಕೇಳುವುದೇ ಅತ್ಯಂತ ಚಿಕ್ಕ ದಾರಿ. ಭತ್ತ, ತೊಗರಿ ಎಂಬ ಎರಡು ಉತ್ತರಗಳ ಅರೇ ನೇರವಾಗಿ ಕೈಗೆ ಬರುತ್ತದೆ. ಯಾವುದಕ್ಕೂ ಗುರುತಿಲ್ಲದಿದ್ದರೆ ಖಾಲಿ ಅರೇ. ಗೆಟ್‌ಆಲ್ ಬದಲು ಗೆಟ್ ಎಂದು ಬರೆದರೆ ಮೊದಲನೆಯದಷ್ಟೇ ಬರುತ್ತದೆ. ಸರ್ವರ್‌ಗೆ ಏನು ಹೋಗುತ್ತದೆಯೋ ಅದೇ ಇಲ್ಲಿ ಕಾಣುವುದರಿಂದ ಇದರ ಮಾತನ್ನು ನಂಬಬಹುದು. ಅದೇ ಕಾರಣಕ್ಕೆ, ಡಿಸೇಬಲ್ ಮಾಡಿದ ಪೆಟ್ಟಿಗೆ ಗುರುತು ಹೊಂದಿದ್ದರೂ ಇಲ್ಲಿ ಬರುವುದಿಲ್ಲ, ಡಿಸೇಬಲ್ ಮಾಡಿದ ಫೀಲ್ಡ್‌ಸೆಟ್‌ನೊಳಗಿನವೂ ಬರುವುದಿಲ್ಲ. ':ಚೆಕ್ಡ್' ಆದರೆ ಅವನ್ನೂ ಎಣಿಸುತ್ತದೆ. ಪೆಟ್ಟಿಗೆಗೆ ವ್ಯಾಲ್ಯೂ ಬರೆಯಲು ಮರೆತಿದ್ದರೆ ಉತ್ತರವಾಗಿ 'ಆನ್' ಎಂಬ ಪದವಷ್ಟೇ ಸಿಗುತ್ತದೆ, ಮತ್ತು ಮೂರು 'ಆನ್'ಗಳಲ್ಲಿ ಯಾವುದು ಹತ್ತಿ, ಯಾವುದು ಸಜ್ಜೆ ಎಂದು ತಿಳಿಯುವ ಉಪಾಯವಿಲ್ಲ.

ಜಾವಾಸ್ಕ್ರಿಪ್ಟ್ ಬರೆಯುವುದನ್ನು ಸುಲಭ ಮಾಡುವ ಲೈಬ್ರರಿಯಾದ ಜೆಕ್ವೆರಿಯ ಬಗ್ಗೆ ಹೆಚ್ಚು ಹೇಳುವ ಅಗತ್ಯವಿಲ್ಲ. 2006ರಲ್ಲಿ ಅದು ಬಂದಾಗ ಬ್ರೌಸರ್‌ಗಳ ನಡುವಿನ ಭೇದಗಳನ್ನು ನೀಗಿಸಲು ಅದರಷ್ಟು ಉಪಕಾರಿ ಇನ್ನೊಂದಿರಲಿಲ್ಲ. ಇಂಟರ್ನೆಟ್ ಎಕ್ಸ್‌ಪ್ಲೋರರ್‌ಗೆ 2022ರ ಜೂನ್‌ನಲ್ಲಿ ಬೆಂಬಲ ನಿಂತ ಮೇಲೆ, ಈ ಒಂದು ಕೆಲಸಕ್ಕಾಗಿ ಅದನ್ನು ಹೊಸದಾಗಿ ತರುವುದು ಬೇಡ. ಈಗಾಗಲೇ ಇರುವ ಪುಟದಲ್ಲಿ ಮುಂದುವರಿಸುವವರು ಎರಡನ್ನು ನೆನಪಿಡಬೇಕು: ಗುಂಪಿನ ಮೇಲೆ 'ವ್ಯಾಲ್' ಕರೆದರೆ ಮೊದಲ ಪೆಟ್ಟಿಗೆಯ ವ್ಯಾಲ್ಯೂ ಮಾತ್ರ ಸಿಗುತ್ತದೆ, ಗುರುತನ್ನು ಓದಲು ಮತ್ತು ಹಾಕಲು 'ಆಟ್ರ್' ಅಲ್ಲ, 'ಪ್ರಾಪ್' ಬಳಸಬೇಕು.

ಹೆಸರನ್ನೇ ಕನ್ನಡದಲ್ಲಿ ಬರೆದರೆ

ನೇಮ್ ಮತ್ತು ವ್ಯಾಲ್ಯೂಗಳಲ್ಲಿ ಕನ್ನಡ ಅಕ್ಷರಗಳನ್ನು ಬಳಸಲು ಎಚ್‌ಟಿಎಂಎಲ್‌ನಲ್ಲಿ ಅಡ್ಡಿಯಿಲ್ಲ, ಮತ್ತು ನಮ್ಮ ಭಾಷೆ ಅಲ್ಲಿಯೂ ಇರಲಿ ಎಂಬ ಆಸೆ ನನಗೂ ಇತ್ತು. ಆದರೆ ಮೇಲೆ ಹೇಳಿದ ದಾರಿಗಳೆಲ್ಲವೂ ಹೆಸರುಗಳನ್ನು ಕಣ್ಣಿನಿಂದಲ್ಲ, ಯುನಿಕೋಡ್ ಸಂಕೇತಗಳಿಂದ ಹೋಲಿಸುತ್ತವೆ. 'ಕೊಪ್ಪಳ' ಎಂಬ ಪದದ ಒಕಾರವನ್ನು ಒಂದೇ ಸಂಕೇತವಾಗಿ ಬರೆಯಬಹುದು, ಅಥವಾ ಎಕಾರದ ಚಿಹ್ನೆ ಮತ್ತು ಊಕಾರದ ಚಿಹ್ನೆ ಎಂಬ ಎರಡು ಸಂಕೇತಗಳಾಗಿಯೂ ಬರೆಯಬಹುದು. ಪರದೆಯ ಮೇಲೆ ಎರಡೂ ಒಂದೇ. ಸೆಲೆಕ್ಟರ್‌ಗೆ ಎರಡೂ ಬೇರೆ. ತೊಗರಿ, ಜೋಳಗಳಿಗೂ ಇದೇ ತೊಡಕಿದೆ. ಹಳೆಯ ಫಾಂಟ್‌ಗಳಲ್ಲಿದ್ದ ಪಠ್ಯವನ್ನು ಯುನಿಕೋಡ್‌ಗೆ ಪರಿವರ್ತಿಸಿ ತಂದಾಗ ಇಂಥವು ಬಂದು ಸೇರುವುದನ್ನು ನಾನು ಹಲವು ಬಾರಿ ಕಂಡಿದ್ದೇನೆ. 'ನಾರ್ಮಲೈಸ್' ಎಂಬ ಫಂಕ್ಷನ್ ಈ ಭೇದವನ್ನು ಅಳಿಸುತ್ತದೆ. ಆದರೆ 'ಸ್ವೀಟ್‌ಕಾರ್ನ್' ಎಂಬಂಥ ಪದಗಳ ಕೊನೆಯ ಅರ್ಧಾಕ್ಷರದ ನಂತರ ಕೀಬೋರ್ಡ್ ಬಿಟ್ಟುಹೋಗುವ, ಅಗಲವೇ ಇಲ್ಲದ ಅಕ್ಷರವನ್ನು ಅದು ತೆಗೆಯುವುದಿಲ್ಲ. ಹೀಗಾಗಿ ನನ್ನ ಫಾರ್ಮ್‌ಗಳಲ್ಲಿ ನೇಮ್ ಮತ್ತು ವ್ಯಾಲ್ಯೂ ಇಂಗ್ಲಿಷ್ ಅಕ್ಷರಗಳಲ್ಲಿರುತ್ತವೆ; ಮೇಲೆ 'ಬೆಳೆ' ಎಂದು ಬರೆದದ್ದು ಓದುವ ಅನುಕೂಲಕ್ಕಷ್ಟೇ. ರೈತರು ಓದುವ ಲೇಬಲ್, ಪ್ರಶ್ನೆಯ ಲೆಜೆಂಡ್, ತಪ್ಪಾದಾಗ ಬರುವ ಸೂಚನೆ ಎಲ್ಲವೂ ಅಚ್ಚ ಕನ್ನಡದಲ್ಲಿರುತ್ತವೆ.

ಒಂದೂ ಗುರುತಿಲ್ಲದ ಉತ್ತರ

ಗುಂಪನ್ನು ಆಯ್ದುಕೊಂಡ ಮೇಲೆ ಬಹುತೇಕ ಎಲ್ಲರೂ ಮಾಡುವ ಮೊದಲ ಕೆಲಸ, ಕನಿಷ್ಠ ಒಂದಕ್ಕಾದರೂ ಗುರುತು ಬಿದ್ದಿದೆಯೇ ಎಂದು ನೋಡುವುದು. ಏಳಕ್ಕೂ ರಿಕ್ವೈರ್ಡ್ ಹಾಕಿದರೆ ಏಳಕ್ಕೂ ಗುರುತು ಬೇಕೆಂದು ಬ್ರೌಸರ್ ಹಟ ಹಿಡಿಯುತ್ತದೆ. ಗುಂಪಿನಲ್ಲಿ ಒಂದು ಸಾಕು ಎಂದು ಹೇಳುವ ವ್ಯವಸ್ಥೆ ರೇಡಿಯೊ ಬಟನ್‌ಗಿದೆ, ಚೆಕ್‌ಬಾಕ್ಸ್‌ಗಿಲ್ಲ. ಫಾರ್ಮ್‌ನ ಮೇಲೆ ':ಚೆಕ್ಡ್' ಇರುವ ಸೆಲೆಕ್ಟರ್‌ನಿಂದ ಎಣಿಸಿ, ಸೊನ್ನೆಯಾದರೆ ಮೊದಲ ಪೆಟ್ಟಿಗೆಗೆ 'ಸೆಟ್‌ಕಸ್ಟಮ್‌ವ್ಯಾಲಿಡಿಟಿ'ಯಿಂದ ಸೂಚನೆ ಹಾಕಬೇಕು, ಗುರುತು ಬಿದ್ದ ಕೂಡಲೇ ಖಾಲಿ ಸ್ಟ್ರಿಂಗ್ ಕೊಟ್ಟು ಅದನ್ನು ತೆಗೆಯಬೇಕು. ತೆಗೆಯಲು ಮರೆತರೆ ಫಾರ್ಮ್ ಎಂದಿಗೂ ಮುಂದೆ ಹೋಗುವುದಿಲ್ಲ. 'ಎಲ್ಲವನ್ನೂ ಆರಿಸು' ಗುಂಡಿಯಿಂದ ಜಾವಾಸ್ಕ್ರಿಪ್ಟ್ ಹಾಕುವ ಗುರುತು 'ಚೇಂಜ್' ಘಟನೆಯನ್ನು ಹುಟ್ಟಿಸುವುದಿಲ್ಲವಾದ್ದರಿಂದ, ಎಣಿಸುವ ಫಂಕ್ಷನ್ ಅನ್ನು ಅಲ್ಲಿಂದಲೂ ನೀವೇ ಕರೆಯಬೇಕು.

ಇಷ್ಟೆಲ್ಲ ಮಾಡಿ ಮುಗಿಸಿದ ಮೇಲೆ, ಕಾಲುವೆಯ ಕೊನೆ ಭಾಗದ ಹಿರಿಯ ರೈತರೊಬ್ಬರು ಹಿಂಗಾರಿನ ಫಾರ್ಮ್ ತುಂಬಲು ಬಂದು, ಎರಡನೆಯ ಬೆಳೆಗೆ ನೀರು ತಮ್ಮ ತನಕ ತಲುಪದೆ ಹೊಲವನ್ನು ಬೀಳು ಬಿಟ್ಟಿರುವುದಾಗಿ ಹೇಳಿದರು. ಅವರ ಪಾಲಿಗೆ ಸೊನ್ನೆ ಗುರುತೇ ನಿಜವಾದ ಉತ್ತರ. ನನ್ನ ಫಾರ್ಮ್ ಅದನ್ನು ತಪ್ಪೆಂದು ತಡೆದು ನಿಲ್ಲಿಸಿತ್ತು. ತಡೆಯನ್ನು ಸುಮ್ಮನೆ ತೆಗೆದುಬಿಟ್ಟರೂ ಸಾಲದು, ಏಕೆಂದರೆ ಗುರುತಿಲ್ಲದ ಗುಂಪಿನಿಂದ ಸರ್ವರ್‌ಗೆ ಏನೂ ಹೋಗದಿರುವುದರಿಂದ ಬೀಳು ಬಿಟ್ಟವರಿಗೂ ಪ್ರಶ್ನೆಯನ್ನೇ ನೋಡದವರಿಗೂ ಅಲ್ಲಿ ಭೇದ ಉಳಿಯುವುದಿಲ್ಲ. ಅಂದೇ ಅದೇ ನೇಮ್ ಕೊಟ್ಟು 'ಈ ಹಂಗಾಮಿನಲ್ಲಿ ಹೊಲ ಬೀಳು' ಎಂಬ ಎಂಟನೆಯ ಪೆಟ್ಟಿಗೆಯನ್ನು ಸೇರಿಸಿದೆ. ಅದಕ್ಕೆ ಗುರುತು ಹಾಕಿದರೆ ಉಳಿದ ಏಳರ ಗುರುತುಗಳು ಹೋಗುವಂತೆ ಕ್ವೆರಿಸೆಲೆಕ್ಟರ್‌ಆಲ್‌ನಿಂದ ಬರೆದ ನಾಲ್ಕು ಸಾಲುಗಳು ಆ ಫಾರ್ಮ್‌ನಲ್ಲಿ ಇಂದಿಗೂ ಇವೆ.